ವಿಜಯಪುರದ ಬಿಸಿಲಿಗೆ ತಕ್ಕ ಪುಡಿ

ಜಪಾನಿನ ನಾಗಾನೋದಲ್ಲಿ ಚಳಿಗಾಲವೆಂದರೆ ಹಿಮದ ಕಾಲವಾದ್ದರಿಂದ, ಬೆಳಕಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆಯುವ ನಮ್ಮ ಪ್ರಯೋಗಗಳು ನಡೆಯುವುದು ಹೆಚ್ಚಾಗಿ ಬಿಸಿಲನ್ನು ಹೋಲುವ ಬೆಳಕು ಕೊಡುವ ಕ್ಸೆನಾನ್ ದೀಪದ ಮುಂದೆ. ವಿಜಯಪುರದಿಂದ ಫೋನ್ ಮಾಡಿದಾಗಲೆಲ್ಲ ನಮ್ಮ ಕಾಕಾ, ‘ಅಲ್ಲೋ ತಮ್ಮಾ, ಬಿಸಲೂ ನಮ್ಮಲ್ಲೈತಿ, ಆಲಮಟ್ಟಿ ನೀರೂ ಐತಿ, ಇಲ್ಲೇ ಯಾಕ ಮಾಡಬಾರ್ದು?’ ಎನ್ನುತ್ತಾರೆ. ನೀರಿನ ಮಟ್ಟಿಗೆ ಅವರ ಮಾತು ಸರಿ. ಒಂದು ಕಿಲೋ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರ ಸುಮಾರು 9 ಲೀಟರ್ ನೀರು ಸಾಕು. ತೊಡಕಿರುವುದು ಬಿಸಿಲನ್ನು ಹೀರಬೇಕಾದ ಪುಡಿಯಲ್ಲಿ, ಅಂದರೆ ಫೋಟೊಕ್ಯಾಟಲಿಸ್ಟ್‌ನಲ್ಲಿ.

1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೊಂಡಾ ಅವರು ಟೈಟಾನಿಯಂ ಡೈಆಕ್ಸೈಡ್ ಬಳಸಿ ಈ ದಾರಿಯನ್ನು ತೋರಿಸಿದರು. ಬೆಳಕು ಬಿದ್ದಾಗ ಹರಳಿನೊಳಗೆ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೇರಿ, ಅದರ ಜಾಗದಲ್ಲಿ ಧನಾವೇಶದ ರಂಧ್ರ ಉಳಿಯುತ್ತದೆ. ಇವೆರಡೂ ಮೇಲ್ಮೈ ತಲುಪಿದರೆ ನೀರು ಒಡೆಯುತ್ತದೆ, ದಾರಿಯಲ್ಲೇ ಮತ್ತೆ ಕೂಡಿಕೊಂಡರೆ ಬಂದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಈ ಮರುಸೇರ್ಪಡೆಯನ್ನು ತಡೆಯುವುದೇ ಸುಧಾರಣೆಯ ಬಹುಪಾಲು ಕೆಲಸ. 2020ರಲ್ಲಿ ಜಪಾನಿನ ರಸಾಯನವಿಜ್ಞಾನಿ ಡೋಮೆನ್ ಅವರ ತಂಡ ಸ್ಟ್ರಾಂಷಿಯಂ ಟೈಟನೇಟ್‌ಗೆ ಅಲ್ಯೂಮಿನಿಯಂ ಬೆರೆಸಿ ಹರಳಿನ ದೋಷಗಳನ್ನು ತಗ್ಗಿಸಿತು. ಎಲೆಕ್ಟ್ರಾನ್‌ಗಳು ಸೇರುವ ಮುಖಗಳ ಮೇಲೆ ರೋಡಿಯಂ, ರಂಧ್ರಗಳು ಸೇರುವ ಮುಖಗಳ ಮೇಲೆ ಕೋಬಾಲ್ಟ್ ಸಂಯುಕ್ತ ಕೂರುವಂತೆ ಮಾಡಿತು. ರೋಡಿಯಂ ಬರಿದಾಗಿದ್ದರೆ ಹುಟ್ಟಿದ ಹೈಡ್ರೋಜನ್ ಆಮ್ಲಜನಕದೊಡನೆ ಸೇರಿ ಪುನಃ ನೀರಾಗುವುದರಿಂದ, ಅದಕ್ಕೆ ಕ್ರೋಮಿಯಂ ಆಕ್ಸೈಡಿನ ತೆಳುಪದರವನ್ನು ಹೊದಿಸಿದರು; ಅದು ಹೈಡ್ರೋಜನ್ನನ್ನು ಹೊರಬಿಟ್ಟು ಆಮ್ಲಜನಕವನ್ನು ತಡೆಯುವ ಜರಡಿ. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಜಾಣತನದ್ದೆನಿಸಿದ್ದು ಈ ಪದರವೇ. ಹೀಗೆ 350ರಿಂದ 360 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕಿನಲ್ಲಿ ಕ್ವಾಂಟಂ ದಕ್ಷತೆ, ಅಂದರೆ ಬಿದ್ದ ಬೆಳಕಿನ ಕಣಗಳಲ್ಲಿ ನೀರೊಡೆಯುವ ಕೆಲಸಕ್ಕೆ ಬಂದವುಗಳ ಪಾಲು, ಶೇ 96ರವರೆಗೆ ಏರಿತು.

ಆದರೆ ಅದೇ ಬಗೆಯ ಪುಡಿಯನ್ನು 100 ಚದರ ಮೀಟರ್ ಫಲಕಗಳಲ್ಲಿ ಹರಡಿ ಬಿಸಿಲಿಗಿಟ್ಟ ಪ್ರಯೋಗದಲ್ಲಿ, 2021ರ ವರದಿಯಂತೆ, ಸೌರಶಕ್ತಿಯ ಗರಿಷ್ಠ ಶೇ 0.76 ಭಾಗ ಮಾತ್ರ ಹೈಡ್ರೋಜನ್ ಆಯಿತು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಆ ಪುಡಿ ಹೀರುವುದು ಅತಿನೇರಳೆಯನ್ನು ಮಾತ್ರ, ಅದು ಬಿಸಿಲಿನ ಶಕ್ತಿಯಲ್ಲಿ ಶೇ 5ರ ಆಸುಪಾಸಿನಷ್ಟೇ. ಆ ಲೆಕ್ಕದಲ್ಲಿ ನಮ್ಮ ಮೇ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಅಷ್ಟು ಫಲಕಗಳಿಂದ ಗಂಟೆಗೆ ಸಿಗುವುದು ಇಪ್ಪತ್ತಮೂರು ಗ್ರಾಂನಷ್ಟು ಹೈಡ್ರೋಜನ್. ಅದೂ ಆಮ್ಲಜನಕದೊಡನೆ ಬೆರೆತು, ಸ್ಫೋಟಿಸಬಲ್ಲ ಮಿಶ್ರಣವಾಗಿ ಬರುವುದರಿಂದ ಪೊರೆಯ ಮೂಲಕ ಬೇರ್ಪಡಿಸಬೇಕು.

ಆದ್ದರಿಂದ ಈಗಿನ ಹುಡುಕಾಟವೆಲ್ಲ ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಪುಡಿಗಳತ್ತ. ಇಟ್ರಿಯಂ ಮತ್ತು ಟೈಟಾನಿಯಂಗಳ ಆಕ್ಸಿಸಲ್ಫೈಡ್ ಒಂದು ಸುಮಾರು 640 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಹೀರಿ ನೀರನ್ನು ಒಡೆಯುತ್ತದೆ. ದಕ್ಷತೆ ಮಾತ್ರ ಇನ್ನೂ ಬಹಳ ಕಡಿಮೆ. ಇಂಥ ವಸ್ತುಗಳಲ್ಲಿ ರಂಧ್ರಗಳು ನೀರಿನ ಬದಲು ಪುಡಿಯಲ್ಲಿರುವ ಗಂಧಕವನ್ನೇ ಉತ್ಕರ್ಷಿಸಿ, ಪುಡಿಯನ್ನೇ ಕೆಡಿಸುವ ಭಯವೂ ಇರುವುದರಿಂದ, ಆ ರಂಧ್ರಗಳನ್ನು ಬೇಗನೆ ಮೇಲ್ಮೈಯಿಂದ ಸೆಳೆದುಕೊಳ್ಳುವ, ಮೇಲೆ ಹೇಳಿದ ಕೋಬಾಲ್ಟ್ ಸಂಯುಕ್ತದಂಥ ಸಹವೇಗವರ್ಧಕವನ್ನು ಹೊಂದಿಸುವುದರಲ್ಲೇ ನಮ್ಮ ಹೆಚ್ಚಿನ ಸಮಯ ಹೋಗುತ್ತಿದೆ.