ಮೊಬೈಲ್ ಮುಂದೆ ಕೂಡಿ ಕೂತರೆ ಧ್ಯಾನ ಆಗ್ತದೇನ್ರಿ?

ಬುದ್ಧ ಕಲಿಸಿದ ಎಚ್ಚರದ ಅಭ್ಯಾಸವನ್ನು ಆನ್‌ಲೈನ್‌ನಲ್ಲಿ ಗುಂಪಾಗಿ ಮಾಡುತ್ತೇವೆ ಅಂದರೆ ಸಾಕು, ಧಾರವಾಡವಿರಲಿ, ಗದಗವಿರಲಿ, ಹಾವೇರಿ ಇರಲಿ, ಕೇಳುವ ಪ್ರಶ್ನೆ ಒಂದೇ: "ಕಣ್ಣು ಮುಚ್ಚಿ ಕೂಡೂದಕ್ಕ ಮೊಬೈಲ್ ಯಾಕ ಬೇಕ್ರಿ? ಅವರವರ ಮನ್ಯಾಗ ಅವರವರು ಕೂತರ ಆಗೂದಿಲ್ಲೇನು?"

ಆಗುತ್ತದೆ. ಆದರೆ ಬಹಳ ದಿನ ನಡೆಯುವುದಿಲ್ಲ. ಒಬ್ಬರೇ ಕೂತಾಗ ಮೊಣಕಾಲು ನೋಯ್ದರೆ ಎದ್ದುಬಿಡುತ್ತೇವೆ, ನೀರು ಬಂತೆಂದರೆ ಎದ್ದುಬಿಡುತ್ತೇವೆ, ನಾಳೆ ಕೂತರಾಯಿತು ಎನ್ನುತ್ತೇವೆ. ಮೊಬೈಲ್ ಯಾರಿಗೂ ಧ್ಯಾನ ಕೊಡುವುದಿಲ್ಲ. ಕೂಡುವ ಹೊತ್ತನ್ನು, ಗಂಟೆಯ ನಾದವನ್ನು, ಎದ್ದ ಮೇಲೆ ಇದ್ದದ್ದನ್ನು ಇದ್ದಂತೆ ಹೇಳಿಕೊಳ್ಳಲು ನಾಲ್ಕು ಜನರನ್ನು ಕೊಡುತ್ತದೆ. ಅಷ್ಟು ಕೆಲಸ ಮಾಡಿ ಉಳಿದ ಹೊತ್ತು ಅದು ಬದಿಗೆ ಸರಿದಿರಬೇಕು. ಗುಂಪು ಉಳಿಯುವುದೂ ಒಡೆಯುವುದೂ ಅದನ್ನು ಎಷ್ಟು ಬದಿಗೆ ಸರಿಸಿದ್ದೀರಿ ಎನ್ನುವುದರ ಮೇಲೆ.

ಮೊದಲು ಒಂದೆರಡು ಪದಗಳ ಮಾತು, ಯಾಕೆಂದರೆ ಕನ್ನಡದವರು ಎಡವುವುದು ಇಲ್ಲೇ. ಬುದ್ಧನ ಮಾತುಗಳು ಉಳಿದುಬಂದ ಹಳೆಯ ಭಾಷೆ ಪಾಲಿ. ಈ ಎಚ್ಚರಕ್ಕೆ ಅಲ್ಲಿರುವ ಪದ ‘ಸತಿ’, ಅದೆಂದರೆ ಹೆಂಡತಿಯಲ್ಲ. ಸಂಸ್ಕೃತದ ‘ಸ್ಮೃತಿ’ ಪಾಲಿಯಲ್ಲಿ ‘ಸತಿ’ ಆಗಿದೆ. ನೆನಪು ಅದರ ಮೂಲ ಅರ್ಥ: ಈಗ ಏನು ಮಾಡುತ್ತಿದ್ದೇನೆ ಎನ್ನುವುದನ್ನು ಮರೆಯದಿರುವುದು. ಇದಕ್ಕೆ ನಮ್ಮ ಕಡೆಯ ಮಾತಿನಲ್ಲೇ ಒಳ್ಳೆಯ ಪದವಿದೆ, ಖಬರ. "ಮೈಮ್ಯಾಲೆ ಖಬರ ಐತೇನ?" ಎಂದು ತಾಯಂದಿರು ಮಕ್ಕಳನ್ನು ಗದರುತ್ತಾರಲ್ಲ, ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 10ನೆಯ ಸುತ್ತ, ಅಂದರೆ ಉಪದೇಶ, ಸತಿಪಟ್ಠಾನ ಸುತ್ತ ಶುರುವಾಗುವುದೇ ಅಲ್ಲಿಂದ. ಖಬರ ಇಡಬೇಕಾದ ನಾಲ್ಕು ನೆಲೆಗಳನ್ನು ಅದು ಹೇಳುತ್ತದೆ. ಮೊದಲ ನೆಲೆ ಕಾಯ, ಅಂದರೆ ಮೈ. ಉದ್ದ ಉಸಿರು ಎಳೆದುಕೊಂಡರೆ ಉದ್ದ ಎಳೆದುಕೊಂಡೆ ಎಂಬ ಖಬರ, ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಖಬರ.

ಎರಡನೆಯ ನೆಲೆ ವೇದನಾ. ಕನ್ನಡದಲ್ಲಿ ವೇದನೆ ಎಂದರೆ ನೋವು. ಹೀಗಾಗಿ ಹೊಸಬರು ಕೂತ ಕೂಡಲೇ ನೋವು ಹುಡುಕತೊಡಗುತ್ತಾರೆ. ಕಾಲು ನೋಯದಿದ್ದರೆ ಅಭ್ಯಾಸವೇ ಆಗಲಿಲ್ಲ ಎಂದುಕೊಳ್ಳುವವರೂ ಇದ್ದಾರೆ. ಪಾಲಿಯಲ್ಲಿ ವೇದನಾ ಎಂದರೆ ಅನುಭವದ ರುಚಿ: ಹಿತ, ಅಹಿತ, ಎರಡೂ ಅಲ್ಲದ್ದು. ಮುಂಜಾನೆ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು, ಹಿತವೆನಿಸಿತು. ಹೊರಗೆ ಬೈಕ್ ಕಿರುಚಿತು, ಅಹಿತವೆನಿಸಿತು. ಸದ್ದು ಬೇರೆ, ಅದರ ರುಚಿ ಬೇರೆ, ಆ ರುಚಿಯ ಹಿಂದೆ ಓಡುವ ಮನಸ್ಸು ಬೇರೆ. ಇವು ಬಿಡಿಬಿಡಿಯಾಗಿ ಕಂಡರೆ ಎರಡನೆಯ ನೆಲೆ ಕೈಗೆ ಹತ್ತಿದಂತೆ. ಮುಂದಿನವು ಚಿತ್ತ, ಅಂದರೆ ಮನಸ್ಸಿನ ಸ್ಥಿತಿ, ಮತ್ತು ಧಮ್ಮ, ಅಂದರೆ ಇಲ್ಲಿ ಮನಸ್ಸಿಗೆ ತೋರುವ ವಿಷಯಗಳು. ಅವುಗಳಿಗೆ ಮೊದಲ ಆರು ತಿಂಗಳು ಕೈ ಹಾಕದಿದ್ದರೂ ನಡೆಯುತ್ತದೆ.

ಗುಂಪು ಯಾಕೆ ಎನ್ನುವುದಕ್ಕೆ ಬುದ್ಧನ ಮಾತೇ ಇದೆ. ಒಳ್ಳೆಯ ಗೆಳೆತನವೆಂದರೆ ಈ ಬಾಳಿನ ಅರ್ಧ ಎಂದು ಶಿಷ್ಯ ಆನಂದ ಹೇಳಿದಾಗ, ಹಾಗನ್ನಬೇಡ, ಇಡೀ ಬಾಳೇ ಅದು ಎಂದು ಬುದ್ಧ ತಿದ್ದಿದ್ದು ಇನ್ನೊಂದು ಉಪದೇಶ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ. ಇನ್ನೊಂದು ಕಡೆ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳ ದಿನಚರಿ ಬರುತ್ತದೆ. ಹಾಲು ನೀರು ಬೆರೆತಂತೆ ಇದ್ದವರು ಅವರು. ಊರಿನಿಂದ ಮೊದಲು ಮರಳಿದವನು ಆಸನ ಹಾಸಿ ನೀರು ಇಡಬೇಕು, ಕೊನೆಗೆ ಬಂದವನು ಎಲ್ಲ ಎತ್ತಿಟ್ಟು ಕಸ ಗುಡಿಸಬೇಕು. ಕೊಡ ಬರಿದಾಗಿ ಇನ್ನೊಬ್ಬನ ನೆರವು ಬೇಕಾದರೂ ಕೈಸನ್ನೆಯೇ, ಮಾತಿಲ್ಲ. ಐದು ದಿನಕ್ಕೊಮ್ಮೆ ಮಾತ್ರ ರಾತ್ರಿಯಿಡೀ ಧಮ್ಮದ, ಅಂದರೆ ಬುದ್ಧನ ಬೋಧೆಯ, ಚರ್ಚೆ. ಆನ್‌ಲೈನ್ ಗುಂಪಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ: ಬಹುಪಾಲು ಮೌನ, ಹಂಚಿಕೊಂಡ ಕೆಲಸ, ನಿಗದಿಯಾದ ಹೊತ್ತಿಗೆ ಮಾತು.

ಇದೆಲ್ಲ ನಮ್ಮ ನೆಲದ್ದಲ್ಲ ಎನ್ನುವವರು ಗದಗ ಜಿಲ್ಲೆಯ ಡಂಬಳವನ್ನು ನೆನೆಯಬೇಕು. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಅಲ್ಲಿನ ಶಾಸನ ಬುದ್ಧ ವಿಹಾರವನ್ನೂ ಬೌದ್ಧರ ದೇವಿ ಆರ್ಯತಾರೆಯ ವಿಹಾರವನ್ನೂ ಹೆಸರಿಸುತ್ತದೆ. ಧರ್ಮವೊಳಲು ಆಗ ಊರ ಹೆಸರು. ವಿಹಾರ ಕಟ್ಟಿಸಿದವರು ಸೆಟ್ಟಿಗಳು, ಅಂದರೆ ವ್ಯಾಪಾರ ಮಾಡಿಕೊಂಡಿದ್ದ ಗೃಹಸ್ಥರು.

ಈಗ ಲೆಕ್ಕಕ್ಕೆ ಬರೋಣ. ಹಣ ಕೊಡದೆ ಬಳಸಿದರೆ ಝೂಮ್ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ ಕೊಡುತ್ತದೆ. ಹಾಗಾಗಿ ಬೈಠಕ್ಕನ್ನು 55 ನಿಮಿಷಕ್ಕೆ ಹೊಂದಿಸಿ. ಸೇರಿಕೊಳ್ಳಲು 5, ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು) ಮತ್ತು ಪಂಚಶೀಲ (ಐದು ನೇಮ) ಹೇಳಲು 3, ಕೂಡಲು 25, ನಡೆಯಲು 5, ಮಾತಿಗೆ 15, ಕೊನೆಗೆ ಮೈತ್ರಿಭಾವನೆಗೆ, ಅಂದರೆ ಎಲ್ಲರಿಗೂ ಒಳಿತು ಬಯಸಲು, 2. ಜನ ನಾಲ್ಕರಿಂದ ಏಳರವರೆಗೆ. ಹೆಚ್ಚಾದರೆ ಒಬ್ಬೊಬ್ಬರಿಗೆ ಎರಡು ನಿಮಿಷ ಮಾತೂ ಸಿಗುವುದಿಲ್ಲ, ಆಗ ಎರಡು ಗುಂಪು ಮಾಡುವುದೇ ಮೇಲು. ವಾರಕ್ಕೆ ಎರಡು ದಿನ ಸಾಕು, ಹುಣ್ಣಿಮೆ ಅಮಾವಾಸ್ಯೆಗೆ ಬೇಕಾದರೆ ಉದ್ದ ಬೈಠಕ್ ಇಡಿ. ನೀರು ಬರುವ ದಿನ ಒಂದೊಂದು ಓಣಿಗೆ ಒಂದೊಂದು. ಹೊತ್ತು ಗೊತ್ತುಮಾಡುವ ಮುಂಚೆ ಇದನ್ನು ಕೇಳಿಕೊಳ್ಳದೆ ಮುಂಜಾನೆ ಐದೂವರೆ ಎಂದು ಇಟ್ಟರೆ ನಳದ ದಿನ ಹೆಂಗಸರೇ ತಪ್ಪಿಸಿಕೊಳ್ಳುತ್ತಾರೆ. ರಾತ್ರಿ ಒಂಬತ್ತು ನಮ್ಮ ಕಡೆ ಹೆಚ್ಚು ಜನರಿಗೆ ಹೊಂದುತ್ತದೆ, ಊಟ ಮಾತ್ರ ಎಂಟರೊಳಗೆ ಮುಗಿದಿರಬೇಕು.

ಸದ್ದಿನ ವಿಷಯದಲ್ಲಿ ಬಹಳ ಗುಂಪುಗಳು ಸೋಲುತ್ತವೆ. ಈ ಆ್ಯಪ್‌ಗಳು ಇರುವುದು ಮಾತು ದಾಟಿಸಲು. ಗಂಟೆಯ ಹೊಡೆತವನ್ನು ದಾಟಿಸುತ್ತವೆ, ಆಮೇಲೆ ಕರಗುತ್ತ ಹೋಗುವ ನಾದವನ್ನು ಫ್ಯಾನಿನ ಸದ್ದು ಎಂದುಕೊಂಡು ಕತ್ತರಿಸುತ್ತವೆ. ಮನಸ್ಸು ಹಿಡಿದುಕೊಂಡು ಹೋಗಬೇಕಾದದ್ದೇ ಆ ಕರಗುವ ನಾದ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ, ಮೀಟ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಇದ್ದರೆ ಆಫ್ ಮಾಡಿ. ಕಂಚಿನ ಬಟ್ಟಲನ್ನು ಮೈಕಿನಿಂದ ಮೂರು ನಾಲ್ಕು ಅಡಿ ದೂರ ಇಟ್ಟು, ಕಟ್ಟಿಗೆಯಿಂದ ಮೆಲ್ಲಗೆ ಬಾರಿಸಿ. ಹತ್ತಿರ ಇಟ್ಟು ಜೋರಾಗಿ ಹೊಡೆದರೆ ಸದ್ದು ಒಡೆಯುತ್ತದೆ. ಗಂಟೆ ಬಾರಿಸುವವರು ನಡುವೆ ಮ್ಯೂಟ್ ಮಾಡಿಕೊಂಡರೆ ಕೊನೆಯ ಗಂಟೆಗೆ ತೆಗೆಯಲು ಮರೆಯುತ್ತಾರೆ, ಉಳಿದವರು ಕೂತೇ ಇರುತ್ತಾರೆ. ಅವರ ಮೈಕ್ ಉದ್ದಕ್ಕೂ ತೆರೆದಿರಲಿ, ಅವರ ಕೋಣೆ ಮಾತ್ರ ಮನೆಯ ಗದ್ದಲದಿಂದ ದೂರವಿರಲಿ.

ಎಲ್ಲರೂ ಕೂಡಿ ‘ಬುದ್ಧಂ ಸರಣಂ ಗಚ್ಛಾಮಿ’ ಹೇಳುವ ಆಸೆಯನ್ನೂ ಬಿಡಬೇಕು. ಒಬ್ಬೊಬ್ಬರ ದನಿ ಒಂದೊಂದು ತಡದಲ್ಲಿ ತಲುಪುತ್ತದೆ, ಜತೆಗೆ ಆ್ಯಪ್ ಒಬ್ಬರ ದನಿಯನ್ನು ಮೇಲೆತ್ತಿ ಉಳಿದವರನ್ನು ಅದುಮುತ್ತದೆ. ತಬಲಾ ಜತೆ ಹಾಡಿದವರಿಗೆ ಅರ್ಧ ಮಾತ್ರೆ ಜಾರಿದರೆ ಏನಾಗುತ್ತದೆಂದು ಗೊತ್ತು. ಒಬ್ಬರು ಹೇಳಲಿ, ಉಳಿದವರು ಮ್ಯೂಟ್ ಮಾಡಿಕೊಂಡು ತಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳಲಿ. ‘ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’ (ಜೀವ ತೆಗೆಯುವುದರಿಂದ ದೂರವಿರುವ ನೇಮ ಹಿಡಿಯುತ್ತೇನೆ) ಎಂಬುದನ್ನು ಕನ್ನಡ ಲಿಪಿಯಲ್ಲೇ ಬರೆದು ಹಂಚಿ. ಪಾಲಿಯ ಒಂದು ಅಕ್ಷರವೂ ನಮ್ಮ ಲಿಪಿಯಲ್ಲಿ ತಪ್ಪಿಹೋಗುವುದಿಲ್ಲ.

ಫೋನನ್ನು ಎದುರಿಗೆ ಇಡಬೇಡಿ. ಆರಡಿ ದೂರ, ಪಕ್ಕದಿಂದ ಕಾಣುವಂತೆ ಇಡಿ, ಪರದೆಯ ಬೆಳಕು ತಗ್ಗಿಸಿ, ನಿಮ್ಮ ಮುಖ ನಿಮಗೆ ಕಾಣದಂತೆ ‘ಸೆಲ್ಫ್ ವ್ಯೂ’ ಮುಚ್ಚಿ. ಮೊದಲ ತಿಂಗಳು ಕ್ಯಾಮೆರಾ ಇರಲಿ, ಅದು ಗಂಟೆಯವರೆಗೆ ಕೂಡಿಸುತ್ತದೆ. ಆಮೇಲೆ ಕೂಡುವ 25 ನಿಮಿಷ ಆಫ್ ಮಾಡಬಹುದು, ಹಳ್ಳಿಯಲ್ಲಿರುವವರ ಡೇಟಾವೂ ಉಳಿಯುತ್ತದೆ. ಆಸನಕ್ಕೆ ಕೌದಿಯೊಂದನ್ನು ನಾಲ್ಕೈದು ಇಂಚು ಎತ್ತರವಾಗುವಂತೆ ಮಡಚಿ ಅದರ ಅಂಚಿನ ಮೇಲೆ ಕೂಡಿ. ಸೊಂಟ ಮೊಣಕಾಲಿಗಿಂತ ಮೇಲಿದ್ದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಕುರ್ಚಿಯೂ ಆಗುತ್ತದೆ, ಅಂಗಾಲು ನೆಲಕ್ಕೆ ಮುಟ್ಟಬೇಕು. ನಡೆಯಲು ಪಡಸಾಲೆಯ ಎಂಟು ಹೆಜ್ಜೆ ಸಾಕು.

ಪ್ರಾಣಾಯಾಮ ಮಾಡಿ ರೂಢಿಯಿದ್ದವರು ಉಸಿರನ್ನು ಎಳೆದು ನಿಲ್ಲಿಸತೊಡಗುತ್ತಾರೆ, ಹತ್ತು ನಿಮಿಷಕ್ಕೆ ಎದೆ ಬಿಗಿಯುತ್ತದೆ, ತಲೆ ಭಾರವಾಗುತ್ತದೆ. ಇಲ್ಲಿ ಉಸಿರನ್ನು ನಡೆಸುವುದಿಲ್ಲ, ಅದು ನಡೆಯುವುದನ್ನು ತಿಳಿಯುವುದಷ್ಟೇ. ಮತ್ತೆ ಕೆಲವರು ಪೂರ್ತಿ ಸಡಿಲಬಿಟ್ಟು ತೂಕಡಿಸುತ್ತಾರೆ. ನಿದ್ದೆ ಬಂದರೆ ಕಣ್ಣು ಅರ್ಧ ತೆರೆಯಿರಿ, ಆಗದಿದ್ದರೆ ಎದ್ದು ನಿಂತು ಮುಂದುವರಿಸಿ. ನಡೆದು ನಡೆದು ಅಂಗಾಲಲ್ಲಿ ರಕ್ತ ಬರಿಸಿಕೊಂಡ ಭಿಕ್ಷು ಸೋಣನಿಗೆ ಬುದ್ಧ ವೀಣೆಯ ತಂತಿಯ ಮಾತು ಹೇಳಿದ್ದ: ಬಹಳ ಬಿಗಿದರೂ ನುಡಿಯದು, ಸಡಿಲಬಿಟ್ಟರೂ ನುಡಿಯದು. ತಾನಪುರ ಶ್ರುತಿ ಮಾಡುವುದನ್ನು ನೋಡುತ್ತ ಬೆಳೆದ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರುತಿಯನ್ನು ಒಂದು ಸಲ ಮಾಡಿದರೆ ಮುಗಿಯಲಿಲ್ಲ, ನಡುನಡುವೆ ಕಿವಿಗೊಟ್ಟು ಮತ್ತೆ ತಿದ್ದಬೇಕು. 25 ನಿಮಿಷದಲ್ಲಿ ಅದು ಎಷ್ಟು ಸಲವೂ ಆಗಬಹುದು.

ಎಲ್ಲಕ್ಕಿಂತ ಬೆಲೆಯುಳ್ಳದ್ದು 15 ನಿಮಿಷದ ಮಾತು, ಕೆಡುವುದೂ ಅದೇ ಬೇಗ. "ಚಲೋ ಆತ್ರಿ, ಭಾಳ ಶಾಂತಿ ಸಿಕ್ತು" ಎನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಹೇಳಬೇಕು: "ಎಡ ಮೊಣಕಾಲು ಉರಿಯಿತು. ಅಹಿತ ಎಂದು ತಿಳಿಯಿತು. ಆಮೇಲೆ ಗಂಟೆ ಬಾರಿಸುವವರ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಖಬರ ಮಾತ್ರ ತಡವಾಗಿ ಬಂತು." ಏನಾಯಿತು, ಯಾವಾಗ ತಿಳಿಯಿತು, ತಿಳಿದ ಮೇಲೆ ಏನು ಮಾಡಿದಿರಿ, ಇಷ್ಟೇ. ತಮ್ಮ ಬೈಠಕ್ಕಿನ ಬಗ್ಗೆ ಮಾತ್ರ ಮಾತು. ಕೇಳದೆ ಸಲಹೆ ಕೊಡುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ, ಬೆಳಕು ಕಂಡಿತು ಎಂದವರನ್ನು ಹೊಗಳುವಂತಿಲ್ಲ. ಹೊಗಳಿದರೆ ಮುಂದಿನ ವಾರ ಎಲ್ಲರಿಗೂ ಬೆಳಕು ಕಾಣತೊಡಗುತ್ತದೆ. ಒಬ್ಬರು ಮೆಲ್ಲಗೆ ಗುರುವಾಗಿ ಬಿಡುವ ಅಪಾಯವೂ ಇಲ್ಲೇ ಇದೆ. ಗಂಟೆಯನ್ನೂ ಹೊತ್ತು ನೋಡುವ ಕೆಲಸವನ್ನೂ ಪ್ರತಿ ವಾರ ಬೇರೆಯವರಿಗೆ ದಾಟಿಸಿ.

ಈ ಅಭ್ಯಾಸ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಸಲ್ಲುವುದಿಲ್ಲ. ತೀವ್ರ ಖಿನ್ನತೆ, ಪ್ಯಾನಿಕ್, ಹಳೆಯ ಆಘಾತ ಇದ್ದವರಿಗೆ ಕಣ್ಣು ಮುಚ್ಚಿ ಕೂಡುವುದೇ ಕಷ್ಟವಾಗಬಹುದು. ಪರದೆಯ ಆಚೆ ಒಬ್ಬರು ನಡುಗುತ್ತಿದ್ದರೆ ಗುಂಪಿಗೆ ಕಾಣುವುದಿಲ್ಲ. ಅಂಥವರು ಮೊದಲು ವೈದ್ಯರನ್ನು ಕೇಳಲಿ, ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಕೂತರೂ ಕಣ್ಣು ತೆರೆದು, ಅಂಗಾಲಿನ ಸ್ಪರ್ಶದ ಮೇಲೆ ಗಮನವಿಟ್ಟು, ಐದು ನಿಮಿಷ ಸಾಕು. ಹತ್ತು ದಿನದ ಮೌನದಂಥ ದೊಡ್ಡ ಅಭ್ಯಾಸವನ್ನು ಆನ್‌ಲೈನ್‌ನಲ್ಲಿ ಯಾರೂ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಎದುರಿಗೆ ಕೂತ ಶಿಕ್ಷಕರು ಬೇಕು. ಕೆಲವು ತಿಂಗಳಿಗೊಮ್ಮೆ ಗುಂಪಿನವರು ಒಂದೇ ಕೋಣೆಯಲ್ಲಿ ಸೇರಿ. ಹುಬ್ಬಳ್ಳಿಯಿಂದ 50 ಕಿಲೋಮೀಟರ್ ಆಸುಪಾಸಿನ ಮುಂಡಗೋಡದಲ್ಲಿ ಡ್ರೆಪುಂಗ್, ಗಾಂದೆನ್ ವಿಹಾರಗಳಿವೆ. ಟಿಬೆಟಿನ ಸಂಪ್ರದಾಯ ಬೇರೆ, ಆದರೂ ಅಷ್ಟು ಜನ ಒಟ್ಟಿಗೆ ಕೂಡುವುದನ್ನು ಒಮ್ಮೆ ನೋಡಬೇಕು.

ಇನ್ನು, ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವುದು ಇದ್ದದ್ದೇ, ಕರೆಂಟೂ ಹೋಗುತ್ತದೆ. ಅದಕ್ಕೇ ಪ್ರತಿಯೊಬ್ಬರೂ ಪಕ್ಕದಲ್ಲಿ ತಮ್ಮದೇ ಟೈಮರ್ ಒಂದನ್ನು 26 ನಿಮಿಷಕ್ಕೆ ಇಟ್ಟುಕೊಳ್ಳಬೇಕು. ನಡುವೆ ಸಂಪರ್ಕ ಕಡಿದರೆ ಫೋನಿಗೆ ಕೈ ಹಾಕಬೇಡಿ. ಕೈ ಹಾಕಬೇಕೆನ್ನುವ ತುಡಿತ ಏಳುತ್ತದೆ, ಅದರ ಖಬರ ಇರಲಿ. ಉಳಿದವರೂ ಅವರವರ ಮನೆಯಲ್ಲಿ ಹಾಗೆಯೇ ಕೂತಿರುತ್ತಾರೆ. ಟೈಮರ್ ಆದ ಮೇಲೆ ಲಿಂಕ್ ಒತ್ತಿ ಒಳಗೆ ಬನ್ನಿ, "ನೆಟ್ ಹೋಗಿತ್ರಿ" ಎಂದು ಹೇಳುವ ಅಗತ್ಯವೂ ಇಲ್ಲ.