ಕಾಲೇಜು ರೇಡಿಯೋ ಮಾರಾಟಕ್ಕೆ ಬಂದಾಗ: ತಕರಾರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿದ್ದುಹೋಗುತ್ತದೆ

ಅಮೆರಿಕದ ಯಾವುದೋ ಕಾಲೇಜು ತನ್ನ ಎಫ್‌ಎಂ ಕೇಂದ್ರವನ್ನು ಮಾರಲು ಹೊರಟಿದೆ ಎಂಬ ಸುದ್ದಿ ಹೊರಬಿದ್ದ ಕೂಡಲೇ ಸಹಿ ಸಂಗ್ರಹ ಶುರುವಾಗುತ್ತದೆ, ಕ್ಯಾಂಪಸ್ಸಿನಲ್ಲಿ ಧರಣಿ ಕೂರುತ್ತಾರೆ, ಹಳೆಯ ವಿದ್ಯಾರ್ಥಿಗಳು ಪತ್ರಿಕೆಗಳಿಗೆ ಬರೆಯುತ್ತಾರೆ. ಆಮೇಲೆ ಬಹುಪಾಲು ಸಲ ಮಾರಾಟ ನಡೆದೇ ಹೋಗುತ್ತದೆ. ಜನ ಸಾಲದೆ ಹೀಗಾಯಿತು ಅಂದುಕೊಳ್ಳಬೇಡಿ. ಎಷ್ಟೋ ಸಲ ಜನ ಬೇಕಾದಷ್ಟಿದ್ದರು. ಅವರು ಹೇಳಿದ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಧಿಕಾರ ಕೇಳಿಸಿಕೊಂಡವರಿಗೆ ಇರಲಿಲ್ಲ, ಅಷ್ಟೇ. ಅಧಿಕಾರ ಇರುವ ಜಾಗ ಎರಡು ಮೂರು, ಅಲ್ಲಿಗೆ ಹೋಗುವ ಗಡುವುಗಳೂ ಬಲು ಚಿಕ್ಕವು.

ಮೊದಲು ಮಾರಾಟವಾಗುವುದು ಏನೆಂದು ನೋಡಿ. ಸ್ಟುಡಿಯೋದ ಹಳೆಯ ಮಿಕ್ಸರು, ಮೈಕುಗಳಿಗೆ ಯಾರೂ ಕೋಟಿಗಟ್ಟಲೆ ಕೊಡುವುದಿಲ್ಲ. ಬೆಲೆ ಇರುವುದು ಲೈಸೆನ್ಸಿಗೆ. ಎಫ್‌ಎಂನಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗ ಲಾಭದ ಉದ್ದೇಶವಿಲ್ಲದ ಶೈಕ್ಷಣಿಕ ಪ್ರಸಾರಕ್ಕೆ ಮೀಸಲು. ದೊಡ್ಡ ಊರುಗಳಲ್ಲಿ ಈ ಭಾಗ ಎಂದೋ ತುಂಬಿಹೋಗಿದೆ, ಹೊಸದಾಗಿ ಬರುವವರು ಇದ್ದವರಿಂದಲೇ ಕೊಳ್ಳಬೇಕು. ಹಾಗಾಗಿಯೇ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ 50,000 ವಾಟ್‌ನ ಕೆಟಿಆರ್‌ಯು 2010ರಲ್ಲಿ 95 ಲಕ್ಷ ಡಾಲರಿಗೆ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕೆಯುಎಸ್‌ಎಫ್‌ಗೆ 2011ರಲ್ಲಿ 37.5 ಲಕ್ಷ, ನ್ಯಾಶ್‌ವಿಲ್‌ನ ಡಬ್ಲ್ಯುಆರ್‌ವಿಯುಗೆ ಅದೇ ವರ್ಷ 33.5 ಲಕ್ಷ ಡಾಲರ್ ಬೆಲೆ ಬಂತು. ಮೂರನ್ನೂ ಕೊಂಡವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಲೆಂದೇ ಕೊಂಡರು. ಹ್ಯೂಸ್ಟನ್‌ನ ಆ ಶಾಸ್ತ್ರೀಯ ಕೇಂದ್ರವೂ ಕೆಲವೇ ವರ್ಷಗಳಲ್ಲಿ ಮತ್ತೆ ಮಾರಾಟವಾಗಿ ಕ್ರೈಸ್ತ ಸಂಗೀತದ ಪಾಲಾಯಿತು.

ಲೈಸೆನ್ಸ್ ಕೈ ಬದಲಾಗಬೇಕಾದರೆ ಫೆಡರಲ್ ಸಂವಹನ ಆಯೋಗ, ಅಂದರೆ ಎಫ್‌ಸಿಸಿ, ಒಪ್ಪಿಗೆ ಕೊಡಬೇಕು. ಮಾರುವವರೂ ಕೊಳ್ಳುವವರೂ ಸೇರಿ 314ನೇ ನಮೂನೆಯ ಅರ್ಜಿ ಹಾಕುತ್ತಾರೆ. ಅರ್ಜಿ ಸ್ವೀಕಾರವಾಯಿತೆಂದು ಆಯೋಗ ಪ್ರಕಟಣೆ ಹೊರಡಿಸಿದ ದಿನದಿಂದ 30 ದಿನದೊಳಗೆ ತಕರಾರು ಅರ್ಜಿ ಸಲ್ಲಬೇಕು. ಎಡವುವುದು ಇಲ್ಲೇ. ಕಾಲೇಜು ಪತ್ರಿಕಾ ಹೇಳಿಕೆ ಕೊಟ್ಟ ದಿನಕ್ಕೂ ಈ 30 ದಿನಕ್ಕೂ ಸಂಬಂಧವಿಲ್ಲ. ಪ್ರಕಟಣೆ ಆಯೋಗದ ಜಾಲತಾಣದಲ್ಲಿ ಸದ್ದಿಲ್ಲದೆ ಬರುತ್ತದೆ, ಅದನ್ನು ದಿನವೂ ನೋಡಲು ಒಬ್ಬರನ್ನು ಮೊದಲ ದಿನದಿಂದಲೇ ಗೊತ್ತುಮಾಡಿ. ತಕರಾರಿಗೆ ಎದುರು ಪಕ್ಷ 10 ದಿನದಲ್ಲಿ ಉತ್ತರ ಕೊಡುತ್ತದೆ, ಆ ಉತ್ತರಕ್ಕೆ ನಿಮ್ಮ ಮರುತ್ತರ ಇನ್ನು 5 ದಿನದಲ್ಲಿ ಹೋಗಬೇಕು. ವಕೀಲರನ್ನು ಆಗ ಹುಡುಕಲು ಹೊರಟರೆ ಮುಗಿಯಿತು.

ತಕರಾರು ಅರ್ಜಿಯಲ್ಲಿ ಮೂರು ಇಲ್ಲದಿದ್ದರೆ ಅದನ್ನು ತಕರಾರು ಅರ್ಜಿಯೆಂದೇ ಲೆಕ್ಕಿಸದಿರಬಹುದು. ಅರ್ಜಿದಾರರಿಗೆ ಹಕ್ಕಿದೆ ಎಂಬುದಕ್ಕೆ ಆಧಾರ ಬೇಕು: ಕೇಂದ್ರದ ಪ್ರಸಾರ ತಲುಪುವ ಪ್ರದೇಶದಲ್ಲಿ ವಾಸವಿರುವ, ನಿಯಮಿತವಾಗಿ ಕೇಳುವ ಒಬ್ಬರಾದರೂ ಇರಲಿ. ಹೇಳುವ ಸಂಗತಿಗಳು ನಿರ್ದಿಷ್ಟವಾಗಿರಬೇಕು, ಅವನ್ನು ಕಣ್ಣಾರೆ ಕಂಡವರ ಪ್ರಮಾಣಪತ್ರ ಜೊತೆಗಿರಬೇಕು. ಪ್ರತಿಯನ್ನು ಮಾರುವವರಿಗೂ ಕೊಳ್ಳುವವರಿಗೂ ಕಳಿಸಿದ ದಾಖಲೆ ಇರಬೇಕು. ಪ್ರಮಾಣಪತ್ರಕ್ಕೆ ಒಂದು ಪುಟ ಸಾಕು. "ನಾನು ಇಂಥ ರಸ್ತೆಯ ನಿವಾಸಿ. ಈ ಕೇಂದ್ರವನ್ನು ಇಂಥ ವರ್ಷದಿಂದ ಕೇಳುತ್ತಿದ್ದೇನೆ. ಇಂಥ ದಿನ ಇಷ್ಟು ಗಂಟೆಗೆ ಸ್ಟುಡಿಯೋಗೆ ಹೋದಾಗ ಬೀಗ ಬದಲಾಗಿತ್ತು, ಒಳಗೆ ಕೊಳ್ಳುವ ಸಂಸ್ಥೆಯ ಸಿಬ್ಬಂದಿ ಕೆಲಸ ಮಾಡುತ್ತಿದ್ದರು. ಮೇಲೆ ಹೇಳಿದ್ದು ಸುಳ್ಳಾದರೆ ಶಿಕ್ಷೆಗೆ ಗುರಿಯಾಗುತ್ತೇನೆಂಬ ಅರಿವಿನಿಂದ ಸಹಿ ಮಾಡಿದ್ದೇನೆ." ಇಂಥ ಮೂರು ಪುಟ ಐದು ಸಾವಿರ ಸಹಿಗಿಂತ ಹೆಚ್ಚು ತೂಗುತ್ತವೆ. ಕೇಂದ್ರ ಬದುಕು ಬದಲಿಸಿತು ಎಂಬ ಪತ್ರಗಳನ್ನು ಅನೌಪಚಾರಿಕ ಆಕ್ಷೇಪಣೆಯಾಗಿ ಕಳಿಸಬಹುದು. ಅದಕ್ಕೆ ಹಕ್ಕಿನ ಪುರಾವೆಯಾಗಲಿ ಪ್ರಮಾಣಪತ್ರವಾಗಲಿ ಬೇಡ, ಆಯೋಗ ತೀರ್ಮಾನ ಮಾಡುವ ಹಿಂದಿನ ದಿನದವರೆಗೂ ಹಾಕಬಹುದು. ತೂಕವೂ ಅಷ್ಟಕ್ಕಷ್ಟೇ.

ಇನ್ನು ವಾದ. ಹೊಸಬರಿಗೆ ಮೊದಲು ಹೊಳೆಯುವ ನಾಲ್ಕು ವಾದಗಳೂ ಅಲ್ಲಿ ನಡೆಯುವುದಿಲ್ಲ.

ಊರಲ್ಲಿ ಇಂಥ ಸಂಗೀತ ಹಾಕುವವರು ಬೇರೆ ಯಾರೂ ಇಲ್ಲ ಎನ್ನುವುದು ಒಂದು. ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಕೇಳುಗರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1981ರಲ್ಲೇ ಆಯೋಗದ ನಿಲುವನ್ನು ಎತ್ತಿಹಿಡಿದಿದೆ: ಯಾವ ಬಗೆಯ ಕಾರ್ಯಕ್ರಮ ಹಾಕಬೇಕೆಂಬುದನ್ನು ಮಾರುಕಟ್ಟೆಗೆ ಬಿಡಬಹುದು, ಆಯೋಗ ಅದರಲ್ಲಿ ಕೈಹಾಕಬೇಕಿಲ್ಲ. ಇವರಿಗಿಂತ ಒಳ್ಳೆಯ ಕೊಳ್ಳುವವರಿದ್ದಾರೆ ಎನ್ನುವುದು ಇನ್ನೊಂದು. ಸಂವಹನ ಕಾಯಿದೆಯ 310(ಡಿ) ಕಲಮು ಅರ್ಜಿಯಲ್ಲಿರುವ ಕೊಳ್ಳುವವರನ್ನು ಬಿಟ್ಟು ಬೇರೊಬ್ಬರ ಜೊತೆ ಹೋಲಿಸುವುದನ್ನೇ ನಿಷೇಧಿಸಿದೆ. ಒಂದೇ ಸಂಸ್ಥೆಯ ಕೈಗೆ ಊರಿನ ಎರಡು ಮೂರು ಕೇಂದ್ರ ಹೋಗುತ್ತವೆ ಎಂದರೂ ನಡೆಯದು, ಮೀಸಲು ಭಾಗದ ಶೈಕ್ಷಣಿಕ ಕೇಂದ್ರಗಳಿಗೆ ಒಡೆತನದ ಮಿತಿಯೇ ಅನ್ವಯಿಸುವುದಿಲ್ಲ. ವಿದ್ಯಾರ್ಥಿಗಳನ್ನು ಕೇಳದೆ ಗುಟ್ಟಾಗಿ ಮಾಡಿದರು ಎನ್ನುವುದು ನಿಜವೇ ಇರಬಹುದು, ಆದರೆ ಅದು ಕಾಲೇಜಿನ ಮನೆಯೊಳಗಿನ ಜಗಳ.

ಆಯೋಗ ಕಿವಿಗೊಡುವ ವಿಷಯಗಳು ಒಣ ವಿಷಯಗಳು. ಕೊಳ್ಳುವವರು ನಿಜಕ್ಕೂ ಶೈಕ್ಷಣಿಕ ಸಂಸ್ಥೆಯೇ? ಆಯೋಗಕ್ಕೆ ಸುಳ್ಳು ಹೇಳಿದ್ದಾರೆಯೇ? ಮೂರು ತಿಂಗಳಿಗೊಮ್ಮೆ ಸಾರ್ವಜನಿಕ ಕಡತದಲ್ಲಿ ಹಾಕಬೇಕಾದ ಸ್ಥಳೀಯ ಸಮಸ್ಯೆಗಳ ಮತ್ತು ಕಾರ್ಯಕ್ರಮಗಳ ಪಟ್ಟಿ ಇದೆಯೇ? ಈ ಕಡತ ಈಗ ಆನ್‌ಲೈನಿನಲ್ಲಿದೆ, ಪ್ರತಿ ಪಟ್ಟಿಯನ್ನು ಅಪ್‌ಲೋಡ್ ಮಾಡಿದ ದಿನಾಂಕವೂ ಕಾಣುತ್ತದೆ. ಎಲ್ಲಕ್ಕಿಂತ ಗಟ್ಟಿ ಅಂಶ ಎಂದರೆ ಅಪ್ಪಣೆಗೆ ಮುಂಚೆಯೇ ಕೈ ಬದಲಾವಣೆ. ಮಾರಾಟಕ್ಕೆ ಒಪ್ಪಿಗೆ ಸಿಗುವ ಮೊದಲೇ ಕೊಳ್ಳುವವರು ಗಾಳಿಗೆ ಬರಲು ಒಂದು ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವ ರೂಢಿಯಿದೆ. ಅದು ತಪ್ಪಲ್ಲ, ಆದರೆ ಕಾರ್ಯಕ್ರಮ, ಸಿಬ್ಬಂದಿ, ಹಣಕಾಸು ಮೂರರ ಮೇಲೂ ಕೊನೆಯ ಮಾತು ಲೈಸೆನ್ಸ್ ಇರುವ ಕಾಲೇಜಿನದೇ ಆಗಿರಬೇಕು. ಆ ಒಪ್ಪಂದದ ಪ್ರತಿ ಪಡೆದು ಯಾರು ಯಾರಿಗೆ ತಿಂಗಳಿಗೆ ಎಷ್ಟು, ಯಾವ ಖರ್ಚಿಗೆ ಕೊಡುತ್ತಾರೆ ಎಂದು ಸಾಲು ಸಾಲಾಗಿ ಓದಿ.

ಕೆಯುಎಸ್‌ಎಫ್‌ನಲ್ಲಿ ಇದೇ ಆಯಿತು. 2011ರ ಜನವರಿ 18ರ ಬೆಳಿಗ್ಗೆ ಕಾರ್ಯಕ್ರಮ ನಡೆಯುತ್ತಿರುವಾಗಲೇ 90.3ರಲ್ಲಿ ಪ್ರಸಾರ ಕಡಿದುಹೋಯಿತು. ಸ್ವಯಂಸೇವಕರಿಗೆ ಮುನ್ಸೂಚನೆಯೇ ಇರಲಿಲ್ಲ. ಅಪ್ಪಣೆಗೆ ಮೊದಲೇ ಅಲ್ಲಿ ಶಾಸ್ತ್ರೀಯ ಸಂಗೀತ ಬಂತು. ಕೇಳುಗರ ತಕರಾರು ಎಷ್ಟು ಗಟ್ಟಿಯಾಗಿತ್ತೆಂದರೆ ಆಯೋಗ ಎರಡೂ ಪಕ್ಷಗಳನ್ನು ಕಾಗದಪತ್ರ ಕೇಳಿ ವಿಚಾರಿಸಿತು, ತೀರ್ಮಾನಕ್ಕೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಕೊನೆಗೆ 2012ರ ಜೂನಿನಲ್ಲಿ 50,000 ಡಾಲರ್ ಕಟ್ಟುವ ರಾಜಿ ಮಾಡಿಸಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ತಪ್ಪು ಹಿಡಿದುಕೊಟ್ಟರೂ ದಂಡ ಬೀಳುತ್ತದೆಯೇ ಹೊರತು ಮಾರಾಟ ಸುಲಭಕ್ಕೆ ಮುರಿಯುವುದಿಲ್ಲ.

ಹಾಗಾದರೆ ಇಷ್ಟೆಲ್ಲ ಯಾಕೆ? ಸಮಯ ಸಿಗುತ್ತದೆ, ಅದಕ್ಕೆ. ಎಫ್‌ಸಿಸಿ ಅರ್ಜಿಯ ಜೊತೆ ಮಾರಾಟದ ಕರಾರನ್ನೂ ಲಗತ್ತಿಸಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಬೆಲೆಯ ಪುಟ ನೋಡಿ ಮುಚ್ಚಿಡಬೇಡಿ, ಕರಾರು ಕೊನೆಗೊಳ್ಳುವ ಷರತ್ತುಗಳಿಗೆ ಹೋಗಿ. ಇಂತಿಷ್ಟು ತಿಂಗಳೊಳಗೆ ಅಪ್ಪಣೆ ಬಾರದಿದ್ದರೆ ಎರಡರಲ್ಲಿ ಯಾರಾದರೂ ಹಿಂದೆ ಸರಿಯಬಹುದು ಎಂಬ ದಿನಾಂಕ ಸಾಮಾನ್ಯವಾಗಿ ಅಲ್ಲಿರುತ್ತದೆ. ಮುಂಗಡ ಎಷ್ಟು, ಅದು ಯಾರ ಕೈಯಲ್ಲಿದೆ, ಮಾರುವವರೇ ಹಿಂದೆ ಸರಿದರೆ ಏನು ಕೊಡಬೇಕು ಎಂಬುದೂ ಇರುತ್ತದೆ. ಆ ದಿನಾಂಕದೊಳಗೆ ಕಾಲೇಜಿನ ಮುಂದೆ ದುಡ್ಡು ಇಡಬಲ್ಲ ಇನ್ನೊಂದು ಸಂಸ್ಥೆ ನಿಂತಿದ್ದರೆ ಮಾತ್ರ ತಡವಾಗಿದ್ದಕ್ಕೆ ಬೆಲೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಳ್ಳುವವರು ಪಟ್ಟು ಬಿಡದೆ ಕಾದರು.

ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹೀಗಾಗಲಿಲ್ಲ. ಪೆಸಿಫಿಕ್ ಲೂಥರನ್ ವಿಶ್ವವಿದ್ಯಾಲಯ 2015ರ ನವೆಂಬರಿನಲ್ಲಿ ಜಾಝ್ ಮತ್ತು ಸುದ್ದಿಯ ಕೆಪಿಎಲ್‌ಯುವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಮಾರುವುದಾಗಿ ಹೇಳಿತು. ಕೇಳುಗರು ಎರಡೂ ಕಡೆಯ ಆಡಳಿತದ ಮೇಲೆ ಒತ್ತಡ ತಂದರು, ಕೇಳಿದ್ದು ಮಾತ್ರ ಒಂದೇ: ನಾವೇ ಕೊಳ್ಳುತ್ತೇವೆ, ಗಡುವು ಕೊಡಿ. 2016ರ ಜೂನ್ 30ರವರೆಗೆ ಅವಕಾಶ ಸಿಕ್ಕಿತು, 70 ಲಕ್ಷ ಡಾಲರ್ ಸೇರಿಸಬೇಕಿತ್ತು. ಮೇ ತಿಂಗಳಲ್ಲೇ ಸೇರಿತು. ಆಗಸ್ಟ್ 31ರಿಂದ ಅದೇ 88.5ರಲ್ಲಿ ಕೆಎನ್‌ಕೆಎಕ್ಸ್ ಎಂಬ ಹೆಸರಿನ ಸ್ವತಂತ್ರ ಕೇಂದ್ರ ನಡೆಯುತ್ತಿದೆ. ಅಲ್ಲಿ ಸಂಬಳದ ಸಿಬ್ಬಂದಿ ಇತ್ತು, ವರ್ಷವೂ ಚಂದಾ ಕೊಡುವ ಕೇಳುಗರ ಪಟ್ಟಿ ಇತ್ತು, ಪ್ರಸಾರ ಒಂದು ದಿನವೂ ನಿಂತಿರಲಿಲ್ಲ, ಹಣ ಕೇಳಲು ಆ ಮೈಕೇ ಇತ್ತು. ವಿದ್ಯಾರ್ಥಿಗಳೇ ನಡೆಸುವ ಕೇಂದ್ರಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ, ಇದ್ದರೂ ಕಾಲೇಜಿನ ಕಂಪ್ಯೂಟರಿನಲ್ಲಿರುತ್ತದೆ. ಬೀಗ ಬಿದ್ದ ದಿನ ಅದೂ ಒಳಗೇ ಉಳಿಯುತ್ತದೆ. ಹಾಗಾಗಿ ಕೇಳುಗರ ಬಳಗಕ್ಕೆ ಅವರಾಗಿಯೇ ಹೆಸರು ಕೊಟ್ಟು ಸೇರುವ ಪಟ್ಟಿಯೊಂದು ಹೊರಗಡೆ, ಬಳಗದ ಸ್ವಂತ ಖಾತೆಯಲ್ಲಿ ಇರಲಿ.

ಹಣ ಎತ್ತುವಾಗ ತಪ್ಪುವುದು ಎರಡು ಕಡೆ. ಕೊಳ್ಳಬಲ್ಲ ಸಂಸ್ಥೆ ಲಾಭರಹಿತವಾಗಿ ನೋಂದಣಿಯಾಗಿರಬೇಕು. ರಾಜ್ಯದ ನೋಂದಣಿ ಬೇಗ ಆಗುತ್ತದೆ, ಆದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ 501(ಸಿ)(3) ಮಾನ್ಯತೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ಈಗಾಗಲೇ ಮಾನ್ಯತೆ ಇರುವ ಸಂಸ್ಥೆಯೊಂದರ ಆಶ್ರಯದಲ್ಲಿ ಹಣ ಪಡೆಯಿರಿ. ಎರಡನೆಯದಾಗಿ, ಕೊಡುತ್ತೇನೆ ಎಂಬ ಮಾತನ್ನೂ ಕೈಗೆ ಬಂದ ದುಡ್ಡನ್ನೂ ಒಂದೇ ಅಂಕಣದಲ್ಲಿ ಕೂಡಿಸಬೇಡಿ. ಖರೀದಿ ಆಗದಿದ್ದರೆ ಹಣ ಹಿಂತಿರುಗುತ್ತದೆಯೇ ಎಂಬುದನ್ನು ಮೊದಲ ರಸೀದಿಯಲ್ಲೇ ಬರೆಯಿರಿ. ಮೊದಲ ವರ್ಷ ನಡೆಸುವ ಖರ್ಚು, ಅಂದರೆ ಗೋಪುರದ ಬಾಡಿಗೆ, ವಿದ್ಯುತ್ತು, ಸಂಗೀತದ ಹಕ್ಕುಶುಲ್ಕ, ಎಂಜಿನಿಯರ್, ಇದನ್ನು ಬೆಲೆಯ ಜೊತೆಗೇ ಸೇರಿಸಿ ಕೇಳಿ. ಲೈಸೆನ್ಸ್ ಕೊಂಡ ಮೇಲೆ ಮತ್ತೆ ಕೈಚಾಚಿದರೆ ಜನ ಕೊಡುವುದು ಕಷ್ಟ.

ರಾಜ್ಯದ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯ ಬಾಗಿಲೂ ಒಂದಿದೆ. ದಾನದ ಹಣದಿಂದ ಕಟ್ಟಿದ ಆಸ್ತಿಯ ಮೇಲೆ ಅವರಿಗೆ ಮೇಲ್ವಿಚಾರಣೆಯ ಅಧಿಕಾರವಿರುತ್ತದೆ. ಮಿನ್ನೆಸೋಟದ ಸೇಂಟ್ ಓಲಾಫ್ ಕಾಲೇಜು 2004ರಲ್ಲಿ ಡಬ್ಲ್ಯುಸಿಎಎಲ್ ಅನ್ನು 1 ಕೋಟಿ 5 ಲಕ್ಷ ಡಾಲರಿಗೆ ಮಾರಿದಾಗ, ಕೇಳುಗರ ದೇಣಿಗೆಯಿಂದ ಬೆಳೆದ ಕೇಂದ್ರ ಧರ್ಮದತ್ತಿ ಎಂಬ ವಾದವನ್ನು ಅಲ್ಲಿನವರು ಕೋರ್ಟಿಗೆ ಒಯ್ದರು. ಕೇಂದ್ರ ಮರಳಿ ಬರಲಿಲ್ಲ. ಈ ವಾದ ಮಾರಾಟ ಮುಗಿದ ಮೇಲೆ ಹೂಡುವಂಥದ್ದಲ್ಲ, ಮಾರಾಟದ ಮಾತು ಕೇಳಿದ ವಾರವೇ ಹೂಡಬೇಕು.

ಮಾರಾಟ ಆಗಿಯೇ ಹೋಗುತ್ತದೆ ಎನಿಸಿದರೆ, ಕರಾರಿಗೆ ಸಹಿ ಬೀಳುವ ಮೊದಲು ಕೇಳಿ ಪಡೆಯಬಹುದಾದ್ದು ಇಷ್ಟು: ರೆಕಾರ್ಡು ಮತ್ತು ಸಿಡಿಗಳ ಸಂಗ್ರಹ, ಕೇಂದ್ರದ ಕರೆಹೆಸರು (ಕೆಟಿಆರ್‌ಯು ಥರದ್ದು), ಸ್ಟುಡಿಯೋ ಜಾಗ, ಊರಿನ ಬೇರೊಂದು ಕೇಂದ್ರದ ಎಚ್‌ಡಿ ಉಪವಾಹಿನಿ, ಅಂದರೆ ಆ ಕೇಂದ್ರದ ತರಂಗಾಂತರದಲ್ಲೇ ಡಿಜಿಟಲ್ ಆಗಿ ಹೋಗುವ ಹೆಚ್ಚುವರಿ ವಾಹಿನಿ. ಕೆಟಿಆರ್‌ಯು ಮಾರಾಟದ ನಂತರ ಅಂಥ ಉಪವಾಹಿನಿಯಲ್ಲೂ ಇಂಟರ್ನೆಟ್ಟಿನಲ್ಲೂ ಉಳಿದು, ಆಮೇಲೆ 96.1ರಲ್ಲಿ ಕಡಿಮೆ ಶಕ್ತಿಯ ಕೇಂದ್ರವಾಗಿ ಹಿಂತಿರುಗಿತು. ಕಡಿಮೆ ಶಕ್ತಿ ಎಂದರೆ ಹೆಚ್ಚೆಂದರೆ 100 ವಾಟ್, ಚೆನ್ನಾಗಿ ಕೇಳುವುದು ಸುಮಾರು 5.6 ಕಿಲೋಮೀಟರ್ ಸುತ್ತ. ಇದಕ್ಕೆ ಅರ್ಜಿ ಹಾಕುವ ಅವಕಾಶ ಬೇಕೆಂದಾಗ ಸಿಗುವುದಿಲ್ಲ; 2000-01ರ ನಂತರ 2013ರಲ್ಲಿ, ಆಮೇಲೆ 2023ರಲ್ಲಿ ತೆರೆಯಿತು. ಒಂದೇ ಜಾಗಕ್ಕೆ ಹಲವರು ಬಂದರೆ ಆ ಊರಲ್ಲಿ ಎರಡು ವರ್ಷವಾದರೂ ಇದ್ದ ಸಂಸ್ಥೆಗೆ ಒಂದು ಅಂಕ ಹೆಚ್ಚು. ಕೆಯುಎಸ್‌ಎಫ್ ಹೋರಾಟದ ಜನ ಆಗ ಕಟ್ಟಿಕೊಂಡ ಸಂಸ್ಥೆಯೇ ಈಗ 102.5ರಲ್ಲಿ ಕೆಎಕ್ಸ್‌ಎಸ್‌ಎಫ್ ನಡೆಸುತ್ತಿದೆ, ಅದೇ ತರಂಗಾಂತರವನ್ನು ಇನ್ನೊಂದು ಲಾಭರಹಿತ ಸಂಸ್ಥೆಯ ಜೊತೆ ಗಂಟೆಗಳ ಲೆಕ್ಕದಲ್ಲಿ ಹಂಚಿಕೊಂಡು.