ಎದ್ದು ಏನ್ ಮಾಡ್ಲಿ?

"ಇವರದ್ದು ಏನೂ ಗಲಾಟೆ ಇಲ್ಲ ಮೇಡಂ, ತುಂಬಾ ಒಳ್ಳೆಯವರು." ಮೊನ್ನೆ ಮಾನಸಿಕ ರೋಗಿಗಳ ಕೇಂದ್ರದಲ್ಲಿರುವ ಚಿಕ್ಕಪ್ಪನನ್ನು ನೋಡಲು ಹೋದಾಗ ಅಲ್ಲಿನ ಅಟೆಂಡರ್ ಹೇಳಿದ ಮಾತಿದು. ಒಳ್ಳೆ ಹುಡುಗ, ಇಡೀ ವಾರ್ಡನ್ನು ಒಬ್ಬನೇ ನೋಡಿಕೊಳ್ಳುತ್ತಾನೆ, ಹೊಗಳಿಕೆ ಅಂತಲೇ ಹೇಳಿದ್ದು. ಆದರೆ ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಚಿಕ್ಕಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಹನ್ನೊಂದು ಗಂಟೆಯಾಗಿತ್ತು. ಬೆಳಗಿನ ಉಪ್ಪಿಟ್ಟು ತಟ್ಟೆಯಲ್ಲೇ ಒಣಗಿತ್ತು, ಒಂದು ಮೂಲೆಯಲ್ಲಿ ಮಾತ್ರ ಚಮಚ ಆಡಿಸಿದ ಗುರುತು. ನಿಪ್ಪಟ್ಟು ತಂದಿದ್ದೇನೆ, ಏಳಿ ಅಂದೆ. "ಎದ್ದು ಏನ್ ಮಾಡ್ಲಿ ಪುಟ್ಟಿ?" ಅಂದರು. ಮುನಿಸಿಲ್ಲ, ಅಳುವಿಲ್ಲ. ದಿನಾ ಮೂರಕ್ಕೇ ಎಚ್ಚರ ಆಗುತ್ತಂತೆ. ನನ್ನಿಂದ ನಿಮಗೆಲ್ಲ ತೊಂದರೆ ಅಂತಲೂ ಅಂದರು.

ತಿಂಗಳಿಗೊಮ್ಮೆ ಬರುವ ಡಾಕ್ಟರು ಅವತ್ತು ಸಿಕ್ಕರು. ಅವರು ಕೇಳುವುದು ಒಂದೇ, ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತಾ ಅಂತ. ಇಲ್ಲ ಅಂದರೆ ಅದೇ ಮಾತ್ರೆ ಮುಂದುವರಿಯುತ್ತದೆ. ನಾನು ವಿಷಯ ಎತ್ತಿದ್ದಕ್ಕೆ "ಸ್ಕಿಜೋಫ್ರೇನಿಯಾ ಅಂದ್ರೆ ಹಾಗೇ, ಉತ್ಸಾಹ ಇರಲ್ಲ" ಅಂದರು. ನಿಜ, ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಆ ಮಾನಸಿಕ ಕಾಯಿಲೆಯಲ್ಲೇ ಮಾತು, ಆಸಕ್ತಿ ಎರಡೂ ಕಮ್ಮಿಯಾಗುತ್ತವೆ, ಕೆಲವು ಮಾತ್ರೆಗಳಿಂದ ಮೈ ಬಿಗಿದು ಮುಖವೂ ಕಲ್ಲಿನಂತಾಗುತ್ತದೆ, ಖಿನ್ನತೆಯೂ ಹೊರಗಿನಿಂದ ನೋಡಿದರೆ ಹಾಗೇ ಇರುತ್ತದೆ. ಇವನ್ನು ಬೇರೆ ಮಾಡಿ ಗುರುತಿಸಲಿಕ್ಕೆಂದೇ 1990ರಲ್ಲಿ ಕೆನಡಾದವರು ಕ್ಯಾಲ್ಗರಿ ಡಿಪ್ರೆಶನ್ ಸ್ಕೇಲ್ ಅನ್ನೋ ಖಿನ್ನತೆ ಅಳೆಯುವ ಪಟ್ಟಿ ಮಾಡಿದ್ದು. ಒಟ್ಟು 9 ಅಂಶ, ಅದರಲ್ಲಿ 8ನ್ನು ರೋಗಿಯನ್ನೇ ಕೇಳಿ ತಿಳಿಯಬೇಕು. ಮುಂದೆ ಒಳ್ಳೇದಾಗುತ್ತೆ ಅನಿಸುತ್ತಾ, ತಪ್ಪು ಮಾಡಿದ್ದೀನಿ ಅಂತ ಕೊರಗ್ತೀರಾ, ಬೇಗ ಎಚ್ಚರ ಆಗುತ್ತಾ, ಬದುಕು ಸಾಕು ಅನಿಸುತ್ತಾ. ಚಿಕ್ಕಪ್ಪ ಯಾರೂ ಕೇಳದೆಯೇ ಇದರಲ್ಲಿ ಕೆಲವಕ್ಕೆ ಉತ್ತರ ಹೇಳಿಬಿಟ್ಟಿದ್ದರು.

ಕೂಗಾಡಿದರೆ ಇಂಜೆಕ್ಷನ್ ಹಿಡಿದು ಓಡಿ ಬರುತ್ತಾರೆ. ಸುಮ್ನೆ ಮಲಗಿದವರ ಹತ್ತಿರ ಯಾರು ಬರುತ್ತಾರೆ? ವರ್ಷಗಟ್ಟಲೆ ಅದೇ ಮಂಚ, ಅದೇ ಗೋಡೆ, ಹಬ್ಬಕ್ಕೂ ಮನೆಗೆ ಕರೆಯುವವರಿಲ್ಲ, ಹೀಗಿದ್ದರೆ ಯಾರ ಮನಸ್ಸಾದರೂ ಕುಗ್ಗುತ್ತೆ ಅಲ್ವಾ? ಮನೆಯವರು ಬೇಡ ಅಂದರು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಅಂಥ ಜಾಗದಲ್ಲೇ ಇಟ್ಟಿರುವ ಹಾಗಿಲ್ಲ ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ನಮ್ಮ ದೊಡ್ಡಪ್ಪ "ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಲ್ಲ" ಅನ್ನುತ್ತಾರೆ. ಸ್ವಂತ ತಮ್ಮ! ಆ ಉಪ್ಪಿಟ್ಟಿನ ತಟ್ಟೆಯನ್ನು ಅವರು ಒಮ್ಮೆ ಬಂದು ನೋಡಬೇಕಿತ್ತು.

ಎದ್ದು ಏನ್ ಮಾಡ್ಲಿ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಇದೇ ಮಾತು. ಬೇರೆ ಮನೋವೈದ್ಯರೊಬ್ಬರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ಚಿಕ್ಕಪ್ಪ ಹೇಳಿದ್ದನ್ನೆಲ್ಲ ಅವರದೇ ಮಾತಲ್ಲಿ ಹಾಳೆ ಮೇಲೆ ಬರೆದಿಟ್ಟಿದ್ದೇನೆ. ದುಡ್ಡು ದಂಡ ಅಂದರು ದೊಡ್ಡಪ್ಪ. ಅನ್ನಲಿ.